ಅನ್ವರ್ಥನಾಮ: ಊರ ಬಾಯಿ ಇಟ್ಟ ಹೆಸರು

ಕನ್ನಡ ಮೇಷ್ಟ್ರು ನಾಮಪದದ ಮೂರು ಬಗೆಯನ್ನು ಬಾಯಿಪಾಠ ಮಾಡಿಸಿದ್ದು ನೆನಪಿದೆಯಾ? ರೂಢನಾಮ, ಅಂಕಿತನಾಮ, ಅನ್ವರ್ಥನಾಮ. ನದಿ, ಊರು ಅಂದರೆ ರೂಢನಾಮ. ಕಾವೇರಿ, ಮಂಡ್ಯ ಅಂತ ಗುರುತಿಗೆ ಇಟ್ಟುಕೊಂಡದ್ದು ಅಂಕಿತನಾಮ. ಗುಣ, ಕಸುಬು, ಆಕಾರ ನೋಡಿ ಬಂದದ್ದು ಅನ್ವರ್ಥನಾಮ. ಅನು ಅಂದರೆ ಹಿಂದೆ, ಅನುಸರಿಸಿ. ಅರ್ಥದ ಹಿಂದೆಯೇ ಬರುವ ಹೆಸರು ಅಂತಿಟ್ಟುಕೊಳ್ಳಿ. ಜಾಣ, ವ್ಯಾಪಾರಿ ಅಂತ ಎರಡು ಉದಾಹರಣೆ ಪರೀಕ್ಷೆಯಲ್ಲಿ ಬರೆದು ಅಲ್ಲಿಗೇ ಬಿಡುತ್ತೇವೆ. ಆದರೆ ಮೈಸೂರು, ಮಂಡ್ಯದ ಬೀದಿಗಿಳಿದರೆ ಈ ಪದಕ್ಕೆ ಕೈತುಂಬಾ ಕೆಲಸ ಇದೆ.

ಮೈಸೂರಿನ ದೊಡ್ಡಗಡಿಯಾರವನ್ನೇ ನೋಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಕಟ್ಟಿದ ಗೋಪುರ ಅದು. ಕಾಗದದ ಮೇಲೆ ‘ರಜತ ಮಹೋತ್ಸವ ಗಡಿಯಾರ ಗೋಪುರ’. ಆಟೋ ಹತ್ತಿ ಹಾಗಂತ ಹೇಳಿ ನೋಡಿ, ಡ್ರೈವರ್ ಒಂದು ಗಳಿಗೆ ನಿಮ್ಮ ಮುಖ ನೋಡುತ್ತಾರೆ. ದೇವರಾಜ ಮಾರುಕಟ್ಟೆ ಹತ್ತಿರದ ಇನ್ನೊಂದು ಗೋಪುರ ಇದಕ್ಕಿಂತ ಹಳೆಯದು. ವೈಸರಾಯ್ ಡಫರಿನ್ 1886ರಲ್ಲಿ ಮೈಸೂರಿಗೆ ಬಂದುಹೋದ ನೆನಪಿನದು. ಅದು ಚಿಕ್ಕಗಡಿಯಾರ. ಒಂದು ವಿಷಯ ಗಮನಿಸಿ: ಪಕ್ಕದಲ್ಲಿ ದೊಡ್ಡದೊಂದು ಎದ್ದು ನಿಲ್ಲುವವರೆಗೆ ಯಾರೂ ಅದನ್ನು ‘ಚಿಕ್ಕದು’ ಅನ್ನಬೇಕಾದ ಕಾರಣವೇ ಇರಲಿಲ್ಲ, ಅಲ್ವಾ? ಗೋಪುರ ಹಳೆಯದು, ಹೆಸರು 1927ರ ಈಚಿನದು ಅನ್ನುವುದು ನನ್ನ ಲೆಕ್ಕ. ಕೆ.ಆರ್. ಆಸ್ಪತ್ರೆ ‘ದೊಡ್ಡಾಸ್ಪತ್ರೆ’ ಆದದ್ದೂ ಇದೇ ದಾರಿಯಲ್ಲಿ. ರಾಜರ ಹೆಸರಿಗಿಂತ ಅಳತೆ ಬಾಯಿಗೆ ಬೇಗ ಹತ್ತುತ್ತದೆ.

ಹೀಗೆ ಅನ್ವರ್ಥನಾಮ ತನ್ನ ವಯಸ್ಸನ್ನು ತಾನೇ ಹೇಳಿಬಿಡುತ್ತದೆ. ಮಂಡ್ಯಕ್ಕೆ ಬನ್ನಿ. ‘ಸಕ್ಕರೆ ನಾಡು’ ಅನ್ನುವುದು ತಲತಲಾಂತರದ ಬಿರುದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಕನ್ನಂಬಾಡಿ ಕಟ್ಟೆಯ, ಅಂದರೆ ಕೆ.ಆರ್.ಎಸ್. ಅಣೆಕಟ್ಟೆಯ ನೀರು ಹುಲಿಕೆರೆ ಸುರಂಗ ದಾಟಿ ಬರುವ ಮುಂಚೆ ಇಲ್ಲಿನ ಬಹುಪಾಲು ಹೊಲ ಮಳೆ ನಂಬಿದ ರಾಗಿಯ ಹೊಲ. ನಾಲೆ ಬಂತು, ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು. ಅದಕ್ಕಾಗಿ ಓಡಾಡಿದ ಕೆನಡಾದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಹೆಸರನ್ನು ಮಂಡ್ಯದವರು ಇವತ್ತಿಗೂ ಮರೆತಿಲ್ಲ. ಸಕ್ಕರೆ ಬಂದ ಮೇಲಲ್ಲವೇ ಸಕ್ಕರೆ ನಾಡು?

ಆ ಕಾರ್ಖಾನೆಯ ಹೆಸರೇ ಒಂದು ಹೊಸೆದ ಪದ. ಮೈಸೂರು ಶುಗರ್ ಕಂಪನಿ ಬಾಯಲ್ಲಿ ಕರಗಿ ‘ಮೈಶುಗರ್’ ಆಯಿತು. ಮಂಡ್ಯದ ಫ್ಯಾಕ್ಟರಿಗೆ ಮೈಸೂರು ಯಾಕೆ ಅಂತ ಈಗಿನ ಹುಡುಗರು ಕೇಳುವುದುಂಟು. ಆಗ ಮಂಡ್ಯ ಮೈಸೂರು ಜಿಲ್ಲೆಯ ಒಳಗೇ ಇತ್ತು. ಬೇರೆ ಜಿಲ್ಲೆಯಾದದ್ದು 1939ರಲ್ಲಿ. ಮುಂದೆ ಹಾಲಿನ ಒಕ್ಕೂಟಗಳೂ ಇದೇ ಅಚ್ಚಿನಲ್ಲಿ ಬಂದವು: ಇತ್ತ ಮೈಮುಲ್, ಅತ್ತ ಮನ್‌ಮುಲ್.

ಕತ್ತರಿಸಿದ ಹೆಸರುಗಳ ಕತೆ ಸ್ವಲ್ಪ ಬೇರೆ. ಅವುಗಳಲ್ಲಿ ಅರ್ಥವೇ ಕಳೆದುಹೋಗುತ್ತದೆ. ಮಂಡ್ಯಕ್ಕೆ ನೀರು ತಂದ ಆ ಇರ್ವಿನ್ ನಾಲೆ ವಿಶ್ವೇಶ್ವರಯ್ಯ ನಾಲೆ ಆಯಿತು, ಅದು ವಿ.ಸಿ. ಆಯಿತು. ‘ಸಿ’ ಅಂದರೇನೇ ಕೆನಾಲ್. ನಾವು ಅದರ ಮೇಲೂ ‘ವಿ.ಸಿ. ನಾಲೆ’ ಅಂತೀವಿ, ಅಂದರೆ ಒಂದು ನಾಲೆ ಜಾಸ್ತಿ! ಪಕ್ಕದ ಕೃಷಿ ಸಂಶೋಧನಾ ಕೇಂದ್ರ ‘ವಿ.ಸಿ. ಫಾರಂ’. ಮೈಸೂರಿನ ಮೆಡಿಕಲ್ ಕಾಲೇಜಿನವರ ‘ಜೆ.ಕೆ. ಗ್ರೌಂಡ್’ ಯಾವುದೋ ಕಂಪನಿ ಮಾಡಿಸಿದ್ದು ಅನ್ನಿಸಿದರೆ ತಪ್ಪಿಲ್ಲ. ಅದು ಜೀವರಾಯನಕಟ್ಟೆ. ಹೆಸರು ಎರಡಕ್ಷರಕ್ಕೆ ಇಳಿದ ಮೇಲೆ ಅಲ್ಲೊಂದು ಕಟ್ಟೆ ಇತ್ತು ಅನ್ನುವ ಸುಳಿವೂ ಹೋಯಿತು. ದೊಡ್ಡಕೆರೆ ಮೈದಾನ ಎಷ್ಟೋ ವಾಸಿ. ಕೆರೆ ಹೋದರೂ ಹೆಸರಿನಲ್ಲಾದರೂ ಉಳಿದಿದೆ. ಇನ್ನು ಕೆ.ಆರ್. ಸರ್ಕಲ್, ಕೆ.ಆರ್. ಮೊಹಲ್ಲಾ, ಕೆ.ಆರ್. ನಗರ, ಕೆ.ಆರ್. ಪೇಟೆ, ಕೆ.ಆರ್.ಎಸ್. ಎಲ್ಲವೂ ಕೃಷ್ಣರಾಜರೇ. ಬರೀ ‘ಕೆ.ಆರ್.’ ಅಂದರೆ ಈ ಸೀಮೆಯಲ್ಲಿ ಎಲ್ಲಿಗೂ ಹೋಗಿ ಸೇರಲಾಗದು. ಹಳ್ಳಿಯ ಹಿರಿಯರು ಕೆ.ಆರ್.ಎಸ್.ಗೆ ಈಗಲೂ ‘ಕನ್ನಂಬಾಡಿ’ ಅಂತಾರೆ. ಅಣೆಕಟ್ಟೆಯ ನೀರಿನಲ್ಲಿ ಮುಳುಗಿದ ಊರಿನ ಹೆಸರೇ ಅಣೆಕಟ್ಟೆಗೆ ಉಳಿಯಿತು. ನನಗೆ ಆ ಹೆಸರೇ ಇಷ್ಟ.

ಜಾಗಕ್ಕೆ ಮಾತ್ರ ಅಲ್ಲ, ಜನಕ್ಕೂ ಹೀಗೆ ಹೆಸರು ಅಂಟುತ್ತದೆ. ‘ಮಂಡ್ಯದ ಐಕ್ಳು’ ಅನ್ನುವುದನ್ನು ಕೇಳಿರುತ್ತೀರಿ. ಹೈದ ಅಂದರೆ ಹುಡುಗ, ಹೈಕಳು ಅಂದರೆ ಮಕ್ಕಳು. ತಮಿಳಿನ ‘ಪೈಯನ್’ ಇದರ ನೆಂಟ. ಹಳೆಯ ‘ಪ’ ನಮ್ಮಲ್ಲಿ ‘ಹ’ ಆಯಿತು, ಪಾಲು ಹಾಲಾದ ಹಾಗೆ. ಮಂಡ್ಯದವರು ಆ ‘ಹ’ವನ್ನೂ ಬಿಟ್ಟರು: ಐಕ್ಳು. ಊರಲ್ಲಿ ಇದು ಬರೀ ರೂಢನಾಮ, ಯಾರ ಮಕ್ಕಳಾದರೂ ಐಕ್ಳೇ. ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ ಒಬ್ಬ ‘ಬರ್ರುಲಾ ಐಕ್ಳಾ’ ಅಂದ ಅಂದರೆ ಮಾತ್ರ ಅವನ ಅಡ್ಡಹೆಸರು ಅವತ್ತೇ ‘ಮಂಡ್ಯ’ ಅಂತ ಆಗಿಬಿಡುತ್ತದೆ.