ಕೇಬಲ್ ಕಾರ್: ಎಂಜಿನ್ ಇಲ್ಲದೆ ಗುಡ್ಡ ಏರುವ ಬಂಡಿ

ಕೇಬಲ್ ಕಾರ್ ಎಂದೊಡನೆ ನಮ್ಮಲ್ಲಿ ಅನೇಕರು ಕಣಿವೆಯ ಮೇಲೆ ತಂತಿಗೆ ಜೋತು ಸಾಗುವ ಪೆಟ್ಟಿಗೆಯನ್ನು, ಅಂದರೆ ರೋಪ್‌ವೇಯನ್ನು, ನೆನೆಯುತ್ತಾರೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಾದರೋ ಈ ಹೆಸರು ಕಡಿದಾದ ಬೀದಿಗಳಲ್ಲಿ ಹಳಿಯ ಮೇಲೆ ಓಡುವ ಬಂಡಿಯದು. ನೋಟಕ್ಕೆ ಇದು ಟ್ರಾಮಿನಂತೆಯೇ ಕಾಣುತ್ತದೆ. ಆದರೆ ವಿದ್ಯುತ್ ಟ್ರಾಮಿಗೆ ತನ್ನದೇ ಮೋಟಾರು ಇರುತ್ತದೆ. ಕೇಬಲ್ ಕಾರಿನಲ್ಲಿ ಎಂಜಿನ್ನೂ ಇಲ್ಲ, ಮೋಟಾರೂ ಇಲ್ಲ.

ಅದನ್ನು ಎಳೆಯುವುದು ರಸ್ತೆಯ ಅಡಿಯಲ್ಲಿ ಹರಿಯುವ ಉಕ್ಕಿನ ಹಗ್ಗ. ಎರಡು ಹಳಿಗಳ ನಡುವೆ ಕಾಣುವ ಕಿರಿದಾದ ಸೀಳಿನ ಕೆಳಗೆ ಈ ಹಗ್ಗ ಗಂಟೆಗೆ ಸುಮಾರು 15 ಕಿಲೋಮೀಟರ್ ವೇಗದಲ್ಲಿ ಎಡೆಬಿಡದೆ ಸುತ್ತುತ್ತಿರುತ್ತದೆ. ಬಂಡಿಯಿಂದ ಆ ಸೀಳಿನೊಳಗೆ ಇಳಿದಿರುವ ಇಕ್ಕಳದಂಥ ಸಾಧನಕ್ಕೆ ಗ್ರಿಪ್ ಎಂದು ಹೆಸರು. ಬಂಡಿ ನಡೆಸುವ ಗ್ರಿಪ್‌ಮನ್ ಉದ್ದನೆಯ ಸನ್ನೆಯನ್ನು ಹಿಂದಕ್ಕೆ ಎಳೆದಾಗ ಗ್ರಿಪ್ ಹಗ್ಗವನ್ನು ಕಚ್ಚಿಕೊಂಡು ಬಂಡಿ ಚಲಿಸುತ್ತದೆ. ನಿಲ್ಲಿಸಬೇಕಾದಾಗ ಅವನು ಹಿಡಿತ ಸಡಿಲಿಸಿ ಬ್ರೇಕ್ ಹಾಕುತ್ತಾನೆ. ಈ ಬ್ರೇಕ್‌ಗಳಲ್ಲಿ ಒಂದು ಬಗೆ, ಹಳಿಯ ಮೇಲೆ ಒತ್ತಿ ಹಿಡಿಯುವ ಮರದ ತುಂಡುಗಳು. ಎರಡು ಮಾರ್ಗಗಳ ಹಗ್ಗಗಳು ಒಂದನ್ನೊಂದು ದಾಟುವ ಕಡೆ ಒಂದನ್ನು ಸರಿಯಾದ ಜಾಗದಲ್ಲೇ ಬಿಡಬೇಕಾಗುವುದರಿಂದ ಈ ಕೆಲಸಕ್ಕೆ ತೋಳಿನ ಬಲದಷ್ಟೇ ನಿಖರತೆಯೂ ಬೇಕು.

ಹಗ್ಗಕ್ಕೆ ಚಲನೆ ಕೊಡುವ ಯಂತ್ರಾಗಾರ ವಾಷಿಂಗ್ಟನ್ ಮತ್ತು ಮೇಸನ್ ಬೀದಿಗಳು ಸೇರುವಲ್ಲಿದೆ. ಒಂದೇ ಹಗ್ಗವನ್ನು ಏರುವ ಬಂಡಿಯೂ ಇಳಿಯುವ ಬಂಡಿಯೂ ಹಿಡಿದಿರುವಾಗ ಇಳಿಯುವುದರ ಭಾರ ಏರುವುದಕ್ಕೆ ನೆರವಾಗುತ್ತದೆ. ಬೆಟ್ಟದ ಊರಿಗೆ ಇದಕ್ಕಿಂತ ಒಪ್ಪುವ ಉಪಾಯ ಇದು ಹುಟ್ಟಿದ ಕಾಲದಲ್ಲಿ ಬೇರೆ ಇರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಇದಕ್ಕೆ ಮೊದಲು ಬಂಡಿಗಳನ್ನು ಎಳೆಯುತ್ತಿದ್ದವು ಕುದುರೆಗಳು. ಏರುಬೀದಿಗಳಲ್ಲಿ ಅವು ಪಡುತ್ತಿದ್ದ ಪಾಡು ಹೇಳತೀರದು. ಗಣಿಗಳಿಗೆ ಬೇಕಾದ ತಂತಿಹಗ್ಗ ತಯಾರಿಸುತ್ತಿದ್ದ ಆಂಡ್ರ್ಯೂ ಸ್ಮಿತ್ ಹ್ಯಾಲಿಡಿ 1873ರ ಆಗಸ್ಟ್ 2ರಂದು ಕ್ಲೇ ಬೀದಿಯಲ್ಲಿ ತಮ್ಮ ಬಂಡಿಯನ್ನು ಪರೀಕ್ಷಾರ್ಥವಾಗಿ ಓಡಿಸಿದರು. ಅದು ಯಶಸ್ವಿಯಾದ ಬಳಿಕ ಹಲವು ಕಂಪನಿಗಳು ನಗರದ ತುಂಬ ಮಾರ್ಗಗಳನ್ನು ಹಾಕಿದವು.

ಆದರೆ 1888ರಲ್ಲಿ ಅಮೆರಿಕದ ರಿಚ್ಮಂಡ್ ನಗರದಲ್ಲಿ ಎಂಜಿನಿಯರ್ ಫ್ರ್ಯಾಂಕ್ ಸ್ಪ್ರೇಗ್ ವಿದ್ಯುತ್ ಟ್ರಾಮ್‌ಗಳ ಜಾಲವನ್ನು ಸಮರ್ಥವಾಗಿ ನಡೆಸಿ ತೋರಿಸಿದ ಮೇಲೆ ಲೆಕ್ಕಾಚಾರ ಬದಲಾಯಿತು. ಟ್ರಾಮಿಗೆ ನೆಲದಡಿಯ ಕಾಲುವೆಯಾಗಲಿ, ತಾನೇ ಅಪಾರ ಶಕ್ತಿ ನುಂಗುವ ಮೈಲಿಗಟ್ಟಲೆ ಹಗ್ಗವಾಗಲಿ ಬೇಕಿರಲಿಲ್ಲ. 1906ರ ಏಪ್ರಿಲ್ 18ರ ಭೂಕಂಪ ಮತ್ತು ಬೆಂಕಿಯಲ್ಲಿ ಕೇಬಲ್ ಮಾರ್ಗಗಳು ಬಹುವಾಗಿ ಹಾಳಾದಾಗ ಮಾರ್ಕೆಟ್ ಬೀದಿಯಂಥ ಸಮತಟ್ಟಾದ ಕಡೆಗಳಲ್ಲಿ ಅವುಗಳ ಜಾಗಕ್ಕೆ ಟ್ರಾಮ್‌ಗಳೇ ಬಂದವು. ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ತನ್ನ ಬಲದಿಂದಲೇ ಏರಲಾಗದಷ್ಟು ಕಡಿದಾದ ಬೀದಿಗಳಲ್ಲಿ ಮಾತ್ರ ಹಗ್ಗಕ್ಕೆ ಕೆಲಸ ಉಳಿಯಿತು.

1947ರಲ್ಲಿ ಮೇಯರ್ ರೋಜರ್ ಲ್ಯಾಪಮ್ ಪೊವೆಲ್ ಬೀದಿಯ ಕೇಬಲ್ ಕಾರುಗಳನ್ನು ತೆಗೆದು ಬಸ್ ಓಡಿಸಲು ಹೊರಟರು. ಫ್ರೀಡೆಲ್ ಕ್ಲಸ್‌ಮನ್ ಎಂಬ ಮಹಿಳೆಯ ಮುಂದಾಳತ್ವದಲ್ಲಿ ನಾಗರಿಕರು ಇದನ್ನು ವಿರೋಧಿಸಿ, ವಿಷಯವನ್ನು ಮತದಾನಕ್ಕೆ ಒಯ್ದು, ಭಾರೀ ಬಹುಮತದಿಂದ ಗೆದ್ದರು. ಆದಾಯದ ಲೆಕ್ಕವೊಂದನ್ನೇ ಹಿಡಿದಿದ್ದರೆ ಈ ವ್ಯವಸ್ಥೆ ಅಂದೇ ಗುಜರಿಗೆ ಸೇರುತ್ತಿತ್ತು. 1964ರಲ್ಲಿ ಅದಕ್ಕೆ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಮನ್ನಣೆ ದೊರೆಯಿತು. 1982ರಿಂದ 1984ರವರೆಗೆ ಓಡಾಟ ನಿಲ್ಲಿಸಿ ಹಳಿ, ಕಾಲುವೆಗಳನ್ನೆಲ್ಲ ಹೊಸದಾಗಿ ಕಟ್ಟಲಾಯಿತು.

ಈಗ ಉಳಿದಿರುವುದು ಮೂರು ಮಾರ್ಗಗಳು: ಪೊವೆಲ್–ಹೈಡ್, ಪೊವೆಲ್–ಮೇಸನ್ ಮತ್ತು ಕ್ಯಾಲಿಫೋರ್ನಿಯಾ ಬೀದಿ. ಪೊವೆಲ್ ಮತ್ತು ಮಾರ್ಕೆಟ್ ಬೀದಿಗಳು ಕೂಡುವಲ್ಲಿ ನಿಂತರೆ ಎರಡೂ ಬಗೆಯ ವಾಹನಗಳನ್ನು ಒಟ್ಟಿಗೆ ನೋಡಬಹುದು: ಹಿಂದಕ್ಕೆ ಓಡಲಾರದ ಕೇಬಲ್ ಕಾರನ್ನು ಸಿಬ್ಬಂದಿ ತಿರುಗುವ ಹಲಗೆಯ ಮೇಲೆ ನಿಲ್ಲಿಸಿ ಕೈಯಿಂದಲೇ ದೂಡಿ ತಿರುಗಿಸುತ್ತಾರೆ, ಪಕ್ಕದ ಮಾರ್ಕೆಟ್ ಬೀದಿಯಲ್ಲಿ ಮಿಲಾನ್ ಮುಂತಾದ ಊರುಗಳಿಂದ ತಂದ ಹಳೆಯ ಟ್ರಾಮ್‌ಗಳು ಮೇಲಿನ ತಂತಿಯಿಂದ ವಿದ್ಯುತ್ ಪಡೆದು ಓಡುತ್ತವೆ.