ಎರಡೂವರೆ ತಿಂಗಳಾದರೂ ಮರಿ ಬೊಗಳುತ್ತಿಲ್ಲ, ಮೂಗಾ?

ಪ್ರಶ್ನೆ: ನಾವಿರೋದು ಮೈಸೂರಿನ ಕುವೆಂಪುನಗರದಲ್ಲಿ. ಪೊಮೇರಿಯನ್ ಮರಿ ತಂದು ಎರಡು ವಾರ ಆಯ್ತು. ಅದಕ್ಕೀಗ ಎರಡೂವರೆ ತಿಂಗಳು. ಕುಂಯ್ ಕುಂಯ್ ಅನ್ನುತ್ತೆ, ಬೊಗಳೋದೇ ಇಲ್ಲ. ಅಕ್ಕಪಕ್ಕದವರು ‘ಮೂಗ ಮರಿ ತಂದಿದ್ದೀರ’ ಅಂತಾರೆ. ಡಾಕ್ಟರಿಗೆ ತೋರಿಸಬೇಕಾ?

ಉತ್ತರ: ಕುಂಯ್‌ಗುಡುವ ಮರಿ ಮೂಗ ಅಲ್ಲ. ದನಿ ಹೊರಡುತ್ತಿದೆಯಲ್ಲ, ಬೊಗಳುವುದಕ್ಕೂ ಅದೇ ಗಂಟಲು ಸಾಕು. ಅಕ್ಕಪಕ್ಕದವರ ಮಾತು ಬಿಟ್ಟುಬಿಡಿ.

ಹುಟ್ಟಿದ ಮರಿಗೆ ಕಣ್ಣೂ ಮುಚ್ಚಿರುತ್ತೆ, ಕಿವಿಯೂ ಮುಚ್ಚಿರುತ್ತೆ. ಹಸಿವಾದರೆ, ಚಳಿಯಾದರೆ ನರಳುವುದಷ್ಟೇ ಗೊತ್ತು. ಎರಡು ವಾರದ ಆಸುಪಾಸಿನಲ್ಲಿ ಕಣ್ಣು ಬಿಡುತ್ತೆ, ಮೂರನೇ ವಾರದ ಹೊತ್ತಿಗೆ ಕಿವಿ ಕೇಳತೊಡಗುತ್ತೆ. ಆಮೇಲೆ ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡುತ್ತಾ ಗುರ್ ಅನ್ನುವುದು, ನಡುವೆ ಒಂದೆರಡು ಅರೆಬರೆ ಬೊಗಳು. ಏಳೆಂಟು ವಾರಕ್ಕೇ ಜೋರು ಬಾಯಿ ಮಾಡುವ ಮರಿಗಳಿವೆ, ನಾಲ್ಕು ತಿಂಗಳು ತುಂಬುವವರೆಗೆ ಸುಮ್ಮನಿರುವವೂ ಇವೆ. ತಾಯಿಯನ್ನು ಬಿಟ್ಟು ಹೊಸ ಮನೆಗೆ ಬಂದ ಮರಿ ಮೊದಲು ಮೂಸುತ್ತೆ, ಕಿವಿಗೊಡುತ್ತೆ. ಈ ಮನೆ ತನ್ನದು ಅನ್ನಿಸಿದ ಮೇಲೆ ಬಾಯಿ ತೆರೆಯುತ್ತೆ.

ಆ ಮೊದಲ ಬೊಗಳು ನೋಡಲು ಬಲು ಚೆನ್ನ. ಬೆಳಿಗ್ಗೆ ಸೊಪ್ಪಿನವರು ಗೇಟಿನ ಹತ್ತಿರ ಕೂಗಿದಾಗ ಮುಂಗಾಲು ಊರಿ, ಕತ್ತು ಚಾಚಿ, ‘ವಪ್’ ಅಂತ ಒಂದೇ ಒಂದು ಸಲ. ಆ ರಭಸಕ್ಕೆ ಪುಟ್ಟ ಮೈ ಅರ್ಧ ಹೆಜ್ಜೆ ಹಿಂದೆ ಸರಿಯುತ್ತೆ. ಸದ್ದು ಯಾರದು ಅಂತ ಮರಿಯೇ ಸುತ್ತ ನೋಡುತ್ತೆ. ದನಿ ಕೀರಲಾಗಿದೆ ಅಂತ ಬೇಸರ ಬೇಡ. ಚಿಕ್ಕ ತಳಿಗಳ ಧ್ವನಿತಂತುಗಳೇ ಗಿಡ್ಡ. ದೊಡ್ಡದಾದ ಮೇಲೂ ಆಲ್ಸೇಷಿಯನ್ನಿನ ಗಡಸು ದನಿ ಬರುವುದಿಲ್ಲ.

ಕಿವಿಯ ಬಗ್ಗೆ ಅನುಮಾನವಿದ್ದರೆ ಮರಿಗೆ ಕಾಣದ ಹಾಗೆ ಹಿಂದೆ ನಿಂತು ಬೀಗದ ಕೈ ಗೊಂಚಲು ಅಲ್ಲಾಡಿಸಿ. ಕಿವಿ ನಿಮಿರಿದರೆ, ತಿರುಗಿ ನೋಡಿದರೆ ಸರಿಯಾಗಿದೆ. ಕಾಲಿನಿಂದ ನೆಲ ಬಡಿದು ನೋಡಬೇಡಿ, ಅದುರಿಗೇ ತಿರುಗಿಬಿಡುತ್ತೆ.

ಒಂದು ಕೆಲಸ ಮಾತ್ರ ದಯವಿಟ್ಟು ಮಾಡಬೇಡಿ. ಬೊಗಳಿಸಲೇಬೇಕೆಂದು ಬಾಲ ಎಳೆಯುವುದು, ಬೀದಿನಾಯಿಯ ಮುಂದೆ ಹಿಡಿದು ರೇಗಿಸುವುದು, ಮೊಬೈಲಿನಲ್ಲಿ ನಾಯಿ ಬೊಗಳುವ ವಿಡಿಯೋ ಜೋರಾಗಿ ಹಾಕುವುದು, ಇದೆಲ್ಲ ಎಷ್ಟೋ ಮನೆಗಳಲ್ಲಿ ಮಕ್ಕಳ ಆಟ. ಮೂರು ವಾರದಿಂದ ಸುಮಾರು ಮೂರು ತಿಂಗಳವರೆಗೆ ಮರಿಯ ಮನಸ್ಸಿನಲ್ಲಿ ಕೂತ ಭಯ ಸುಲಭವಾಗಿ ಬಿಡುವುದಿಲ್ಲ. ಹೆದರಿ ಬೊಗಳಲು ಕಲಿತ ಮರಿ ಮುಂದೆ ಬಂದವರಿಗೆಲ್ಲ ಬೊಗಳುತ್ತೆ. ನಮ್ಮೂರಲ್ಲಿ ದಸರಾ ಆನೆ, ಕುದುರೆಗಳಿಗೆ ಜಂಬೂಸವಾರಿಗೆ ಮೊದಲೇ ಕುಶಾಲತೋಪಿನ ಸದ್ದಿನ ತಾಲೀಮು ಕೊಡುತ್ತಾರಲ್ಲ, ಅದು ಬೆದರದೆ ಇರಲಿ ಅಂತ. ನಿಮ್ಮ ಮರಿಗೂ ಅದೇ ಬೇಕು. ಕುಕ್ಕರ್ ಸೀಟಿ, ಆಟೋ, ಮಿಕ್ಸಿ ಎಲ್ಲವೂ ಮೊದಲು ದೂರದಿಂದ ಕೇಳಲಿ. ಸುಮ್ಮನಿದ್ದರೆ ಬಾಯಿಗೊಂದು ತಿಂಡಿ, ಮುದುರಿಕೊಂಡರೆ ಇನ್ನಷ್ಟು ದೂರ. ದೀಪಾವಳಿ ಪಟಾಕಿಯ ಹೊತ್ತಿಗೆ ಇದರ ಬೆಲೆ ಗೊತ್ತಾಗುತ್ತೆ.

ಬೊಗಳಲು ಶುರುಮಾಡಿದ ದಿನ ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿ ಎತ್ತಿ ಮುದ್ದಾಡಿದರೆ, ಬೊಗಳಿದರೆ ಎತ್ತಿಕೊಳ್ಳುತ್ತಾರೆ ಅಂತ ಅದು ಕಲಿಯುತ್ತೆ. ಗದರಿದರೆ ನೀವೂ ಜೊತೆಗೆ ಬೊಗಳುತ್ತಿದ್ದೀರಿ ಅಂದುಕೊಳ್ಳಬಹುದು. ಯಾಕೆ ಬೊಗಳಿತು ಅಂತ ಹೋಗಿ ನೋಡಿ, ದನಿ ನಿಲ್ಲಿಸಿದ ಕ್ಷಣ ಮಾತಾಡಿಸಿ.

ಡಾಕ್ಟರಿಗೆ ತೋರಿಸಬೇಕಾದ್ದು ಬೇರೆ. ಬಾತುಕೋಳಿ ಕೂಗಿದ ಹಾಗೆ ಒಣ ಕೆಮ್ಮು ಬಂದರೆ ಅದು ಬೊಗಳಲ್ಲ. ಪೊಮೇರಿಯನ್ನಿನಂಥ ಚಿಕ್ಕ ತಳಿಗಳಲ್ಲಿ ಶ್ವಾಸನಾಳ ಕುಸಿಯುವ ತೊಂದರೆ ಹೆಚ್ಚು. ಅದಕ್ಕೇ ಕುತ್ತಿಗೆ ಪಟ್ಟಿಗಿಂತ ಎದೆಗೆ ಕಟ್ಟುವ ಹಾರ್ನೆಸ್ ಒಳ್ಳೆಯದು. ಇನ್ನು, ಚೆನ್ನಾಗಿ ಬೊಗಳುತ್ತಿದ್ದ ನಾಯಿಯ ದನಿ ಇದ್ದಕ್ಕಿದ್ದಂತೆ ಒಡೆದು, ಜೊಲ್ಲು ಸುರಿದು, ನುಂಗಲು ಕಷ್ಟಪಟ್ಟರೆ ಮೂಳೆ ಸಿಕ್ಕಿರಬೇಕು ಅಂತ ಬಾಯಿಗೆ ಕೈ ಹಾಕಬೇಡಿ. ರೇಬಿಸ್ ಲಕ್ಷಣವೂ ಹಾಗೇ ಇರುತ್ತೆ. ದೂರ ನಿಂತು ಪಶುವೈದ್ಯರಿಗೆ ಫೋನ್ ಮಾಡಿ. ನಿಮ್ಮ ಮರಿಗೆ ಮೂರು ತಿಂಗಳು ತುಂಬುತ್ತಲೇ ರೇಬಿಸ್ ಲಸಿಕೆ ಹಾಕಿಸಬೇಕು. ಅಂದೇ ಗಂಟಲನ್ನೂ ಒಮ್ಮೆ ನೋಡಿಸಿ, ಅದಕ್ಕಾಗಿಯೇ ಬೇರೆ ಓಡಾಟ ಬೇಡ.