ನ್ಯಾಟೊ ಭೂಸೇನಾ ಕಮಾಂಡ್ ಇಜ್ಮಿರ್‌ಗೆ ಬಂದದ್ದು ಹೇಗೆ?

ನ್ಯಾಟೊ ಅಂದ ತಕ್ಷಣ ನಮಗೆ ನೆನಪಾಗುವುದು ಬ್ರಸೆಲ್ಸ್. ಆದರೆ ಆ ಸೇನಾ ಒಕ್ಕೂಟದ ಭೂಸೇನಾ ಕಮಾಂಡ್, ಅಂದರೆ ಭೂಸೇನೆಯ ಮುಖ್ಯ ಕಚೇರಿ, ಇರುವುದು ಟರ್ಕಿಯ ಇಜ್ಮಿರ್‌ನಲ್ಲಿ, ಏಜಿಯನ್ ಕಡಲ ದಂಡೆಯಲ್ಲಿ. ಈಗ ರಷ್ಯಾದ ಆತಂಕ ಜಾಸ್ತಿ ಇರುವ ಎಸ್ಟೋನಿಯಾ, ಲಾಟ್ವಿಯಾ ಗಡಿಗಳು ಅಲ್ಲಿಂದ ಬಹಳ ದೂರ. ವಿಚಿತ್ರ ಅನ್ನಿಸುತ್ತದೆ, ಅಲ್ವಾ?

1952ರ ಫೆಬ್ರವರಿಯಲ್ಲಿ ಗ್ರೀಸ್ ಮತ್ತು ಟರ್ಕಿ ಒಟ್ಟಿಗೇ ನ್ಯಾಟೊ ಸೇರಿದವು. ಸೋವಿಯತ್ ಒಕ್ಕೂಟಕ್ಕೂ ಟರ್ಕಿಗೂ ಕಾಕಸಸ್ ಕಡೆ ಗಡಿ ತಾಗುತ್ತಿತ್ತು, ಹಾಗಾಗಿ ಅಲ್ಲೊಂದು ಕಮಾಂಡ್ ಬೇಕು ಅಂತ ಎಲ್ಲರೂ ಒಪ್ಪಿದರು. ಜಗಳ ಹತ್ತಿದ್ದು ಯಾರ ಸೇನೆ ಯಾರ ಮಾತು ಕೇಳಬೇಕು ಅಂತ. ಗ್ರೀಕರಿಗೆ ಟರ್ಕಿಯವರ ಕೈಕೆಳಗೆ ಇರಲು ಮನಸ್ಸಿಲ್ಲ, ಟರ್ಕಿಯವರಿಗೆ ಗ್ರೀಕರ ಕೈಕೆಳಗೆ ಇರಲು ಮನಸ್ಸಿಲ್ಲ, ದಕ್ಷಿಣ ಯುರೋಪಿನ ಭೂಸೇನೆ ನೋಡಿಕೊಳ್ಳುತ್ತಿದ್ದ ಇಟಲಿಯ ಜನರಲ್ ಅಂತೂ ಇಬ್ಬರಿಗೂ ಬೇಡ. ಇಟಲಿ 1940ರಲ್ಲಿ ಗ್ರೀಸ್ ಮೇಲೆ ದಂಡೆತ್ತಿ ಬಂದದ್ದನ್ನು ಯಾರು ಮರೆತಾರು? ಕೊನೆಗೆ ಇಜ್ಮಿರ್‌ನಲ್ಲಿ ಬೇರೆಯೇ ಕಮಾಂಡ್ ತೆರೆದು, ಅಮೆರಿಕದ ವಿಲ್ಲರ್ಡ್ ವೈಮನ್ ಅವರನ್ನು ಮುಖ್ಯಸ್ಥರನ್ನಾಗಿ ಮಾಡಿದರು.

ಅದರಿಂದ ಹಳೇ ದ್ವೇಷವೇನೂ ಆರಲಿಲ್ಲ. 1955ರ ಸೆಪ್ಟೆಂಬರ್‌ನಲ್ಲಿ ಇಸ್ತಾಂಬುಲ್‌ನಲ್ಲಿ ಗ್ರೀಕರ ಮೇಲೆ ದಾಳಿ ನಡೆದಾಗ ಇಜ್ಮಿರ್ ಕೂಡ ಹೊತ್ತಿಕೊಂಡಿತು. ಗ್ರೀಕ್ ದೂತಾವಾಸಕ್ಕೆ ಬೆಂಕಿ ಬಿತ್ತು. ಇದೇ ಕಮಾಂಡ್‌ನಲ್ಲಿ ಕೆಲಸ ಮಾಡುತ್ತಿದ್ದ ಗ್ರೀಕ್ ಅಧಿಕಾರಿಗಳ ಮನೆಗಳಿಗೂ ಗುಂಪು ನುಗ್ಗಿತು. ಮಿತ್ರರಾಷ್ಟ್ರದ ಕೆಲಸಕ್ಕೆಂದು ಹೆಂಡತಿ ಮಕ್ಕಳ ಜೊತೆ ಬಂದು ನೆಲೆಸಿದ್ದವರು ಅವರು. 1974ರಲ್ಲಿ ಟರ್ಕಿ ಸೈಪ್ರಸ್ ದ್ವೀಪಕ್ಕೆ ಸೇನೆ ನುಗ್ಗಿಸಿದಾಗ ಎಲ್ಲ ಒಡೆದೇ ಹೋಯಿತು. ಗ್ರೀಸ್ ನ್ಯಾಟೊದ ಸೇನಾ ವ್ಯವಸ್ಥೆಯಿಂದಲೇ ಹೊರನಡೆದು, ಮರಳಿದ್ದು 1980ರಲ್ಲಿ. ಅಷ್ಟರಲ್ಲಿ, 1978ರಲ್ಲಿ, ಇಜ್ಮಿರ್ ಕಮಾಂಡ್ ಟರ್ಕಿಯ ಜನರಲ್ ಕೈಗೆ ಬಂದಿತ್ತು.

ಶೀತಲ ಸಮರ ಮುಗಿದ ಮೇಲೆ ಹೆಸರು, ಕೆಲಸ ಎರಡೂ ಬದಲಾದವು. 2004ರಲ್ಲಿ ಅಲ್ಲಿಗೆ ವಾಯುಪಡೆಯ ಕಮಾಂಡ್ ಬಂತು. ಆಮೇಲೆ ಖರ್ಚು ಕಡಿಮೆ ಮಾಡಲು ಹೊರಟ ನ್ಯಾಟೊ, 2011ರಲ್ಲಿ ಹೈಡಲ್‌ಬರ್ಗ್ ಮತ್ತು ಮ್ಯಾಡ್ರಿಡ್‌ನ ಭೂಸೇನಾ ಕಚೇರಿಗಳನ್ನು ಮುಚ್ಚಿ, ಎರಡರ ಬದಲು ಇಜ್ಮಿರ್‌ನಲ್ಲಿ ಒಂದನ್ನೇ ತೆರೆಯಲು ತೀರ್ಮಾನಿಸಿತು. ವಾಯು ಕಮಾಂಡ್ ಜರ್ಮನಿಯ ರಾಮ್‌ಸ್ಟೈನ್‌ಗೆ ಹೋಯಿತು. ನನ್ನ ಪ್ರಕಾರ ಇದು ಲೆಕ್ಕ ಸರಿದೂಗಿಸಿದ್ದು: ಅಷ್ಟು ದೊಡ್ಡ ಸೇನೆ ಇರುವ ಟರ್ಕಿಯನ್ನು ಬರಿಗೈಯಲ್ಲಿ ಬಿಡುವ ಹಾಗಿರಲಿಲ್ಲ. 2012ರ ನವೆಂಬರ್ 30ರಂದು ಕೆಲಸ ಶುರುವಾಯಿತು. ಮೊದಲ ಕಮಾಂಡರ್ ಅಮೆರಿಕದ ಬೆನ್ ಹಾಡ್ಜಸ್.

ಒಂದು ವಿಷಯ ತಿಳಿದಿರಲಿ. ಈ ಕಮಾಂಡ್‌ಗೆ ಸ್ವಂತ ಸೈನ್ಯವೇ ಇಲ್ಲ, ಸೈನಿಕರೆಲ್ಲ ಆಯಾ ದೇಶದವರು. ಹಾಗಂತ ಸುಮ್ನೆ ಕೂತಿಲ್ಲ. ಬೇರೆ ಬೇರೆ ದೇಶಗಳ ಪಡೆಗಳು ಒಟ್ಟಿಗೆ ಹೋರಾಡಬಲ್ಲವೇ, ಒಬ್ಬರ ರೇಡಿಯೊ ಇನ್ನೊಬ್ಬರಿಗೆ ಕೇಳುತ್ತದೆಯೇ, ಕೋರ್ ಮಟ್ಟದ (ಹಲವು ಡಿವಿಷನ್ ಸೇರಿದ ದೊಡ್ಡ ಪಡೆಯ) ಕಚೇರಿಗಳು ಯುದ್ಧಕ್ಕೆ ತಯಾರಿವೆಯೇ ಅನ್ನುವುದನ್ನೆಲ್ಲ ಪರೀಕ್ಷೆ ಮಾಡುವುದು ಇವರೇ. 2014ರಲ್ಲಿ ರಷ್ಯಾ ಕ್ರಿಮಿಯಾ ಕಿತ್ತುಕೊಂಡ ಮೇಲೆ ಈ ಕೆಲಸಕ್ಕೆ ಬೆಲೆ ಬಂತು. 2017ರಲ್ಲಿ ಪೂರ್ವದ ಗಡಿಯಲ್ಲಿ ನಾಲ್ಕು ಬಹುರಾಷ್ಟ್ರೀಯ ತುಕಡಿಗಳು ನಿಂತವು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅವು ಎಂಟಾದವು.

2022ರಿಂದ ಯುರೋಪ್ ಮತ್ತು ಆಫ್ರಿಕಾದಲ್ಲಿರುವ ಅಮೆರಿಕ ಭೂಸೇನೆಯ ಮುಖ್ಯಸ್ಥರೇ ಇಜ್ಮಿರ್ ಕಮಾಂಡರ್ ಹುದ್ದೆಯನ್ನೂ ನೋಡಿಕೊಳ್ಳುತ್ತಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಕ್ರಿಸ್ಟೋಫರ್ ಡೊನಾಹ್ಯೂ ಬಂದರು. 2021ರಲ್ಲಿ ಕಾಬೂಲ್ ಬಿಟ್ಟ ಕೊನೆಯ ಅಮೆರಿಕನ್ ಸೈನಿಕ ಅಂತ ಹಸಿರು ಬಣ್ಣದ ಫೋಟೊದಲ್ಲಿ ನೋಡಿದ್ದೆವಲ್ಲ, ಅವರೇ. ಇಲ್ಲೊಂದು ಅನುಕೂಲ ಇದೆ: ಒಕ್ಕೂಟದ ಯೋಜನೆ ಮತ್ತು ಅಮೆರಿಕದ ಪಡೆ ಎರಡೂ ಒಬ್ಬರ ಕೈಯಲ್ಲೇ ಇರುತ್ತವೆ. ತೊಡಕೂ ಇದೆ. ಅವರ ಅಮೆರಿಕನ್ ಕಚೇರಿ ಇರುವುದು ಜರ್ಮನಿಯ ವೀಸ್‌ಬಾಡೆನ್‌ನಲ್ಲಿ, ನ್ಯಾಟೊ ಸಿಬ್ಬಂದಿ ಇರುವುದು ಇಜ್ಮಿರ್‌ನಲ್ಲಿ.